ಪಟ್ಟದಕಲ್ಲಿನಲ್ಲಿ ಮುಖವಿಲ್ಲದ ಮೂರ್ತಿ

ಪಟ್ಟದಕಲ್ಲಿಗೆ ಹೋಗಿ ಬಂದವರು ಸಾಮಾನ್ಯವಾಗಿ ವಿರೂಪಾಕ್ಷ ಗುಡಿಯ ಬಗ್ಗೆ ಬರೆಯುತ್ತಾರೆ. ನನಗೆ ಹೇಳಬೇಕಿರುವುದು ಅದೇ ಆವರಣದ ಸಂಗಮೇಶ್ವರ ಗುಡಿಯ ಬಗ್ಗೆ. ಅದರಲ್ಲೂ ಹೊರಗೋಡೆಯ ಒಂದೇ ಒಂದು ಗೂಡಿನ ಬಗ್ಗೆ. ವರ್ಷಗಟ್ಟಲೆ ನಿಂತುಹೋಗಿದ್ದ ನನ್ನ ಕೈ ಅಲ್ಲಿ ಮತ್ತೆ ಓಡಿತು.

ಚಿತ್ರ ಬರೆಯುವುದು ನಿಂತದ್ದು ಯಾವುದೋ ದುಃಖದಿಂದ ಅಲ್ಲ. ಒಂದು ಪ್ರದರ್ಶನ ಚೆನ್ನಾಗಿ ಆಯಿತು, ಜನ ಮೆಚ್ಚಿದರು. ಆಮೇಲೆ ಏನೇ ಶುರು ಮಾಡಿದರೂ ಆ ಮಟ್ಟಕ್ಕೆ ಬರುತ್ತಿಲ್ಲ ಅನ್ನಿಸತೊಡಗಿತು. ಅರ್ಧ ಬರೆದ ಕ್ಯಾನ್ವಾಸ್‌ಗಳನ್ನು ಗೋಡೆಗೆ ಮುಖ ಮಾಡಿ ಇಡುತ್ತಾ ಹೋದೆ. ಕೊನೆಗೆ ಶುರು ಮಾಡುವುದೂ ನಿಂತಿತು. ಟ್ಯೂಬಿನೊಳಗೇ ಬಣ್ಣ ಒಣಗಿತು. ಯಾರಾದರೂ ‘ಈಗ ಏನು ಬರೀತಾ ಇದ್ದೀರಿ?’ ಅಂತ ಕೇಳಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

ಬಾದಾಮಿಯಲ್ಲಿ ಕಳೆದ ದಿನಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮೊದಲನೇ ಗುಹೆಯ 18 ಕೈಗಳ ನಟರಾಜ, 578ರ ಶಾಸನವಿರುವ ಮೂರನೇ ಗುಹೆ, ಎಲ್ಲ ನೋಡಿದೆ. ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ತುಂಬಿಕೊಂಡ ಶಿಲ್ಪದ ಎದುರು ಚೀಲದಿಂದ ಪುಸ್ತಕ ತೆಗೆಯುವುದಕ್ಕೇ ಮನಸ್ಸಾಗಲಿಲ್ಲ.

ಸಂಜೆ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕೂತು ಧೈರ್ಯ ಮಾಡಿದೆ. ಪ್ರವಾಸಕ್ಕೆಂದೇ ತರಿಸಿದ ಹೊಸ ಸ್ಕೆಚ್ ಪುಸ್ತಕ. ಜಲವರ್ಣಕ್ಕೆ ಆಗುತ್ತದೆ ಅಂತ ಮುಖಪುಟದಲ್ಲೇ ಅಚ್ಚಾಗಿತ್ತು. ನೀರು ಹಚ್ಚಿದ್ದೇ ತಡ, ಹಾಳೆ ಹಪ್ಪಳದ ಹಾಗೆ ಮುರುಟಿತು. ಎರಡನೇ ಸಲ ಕುಂಚ ಎಳೆದರೆ ಮೇಲಿನ ಪದರವೇ ಕಿತ್ತು ಬಂತು. ಈಗ ನೆನೆಸಿಕೊಂಡರೂ ಸಿಟ್ಟು ಬರುತ್ತದೆ. ಬಹಳ ದಿನದ ಮೇಲೆ ಕುಂಚ ಹಿಡಿದವರಿಗೆ ಹೀಗಾದರೆ ತಪ್ಪು ಹಾಳೆಯದು ಅನ್ನಿಸುವುದಿಲ್ಲ, ಕೈಯದೇ ಅನ್ನಿಸುತ್ತದೆ. ನೀವು ಹೊರಡುವ ಮೊದಲು ಹಾಳೆಯ ಒಂದು ಮೂಲೆಗೆ ಮನೆಯಲ್ಲೇ ನೀರು ಹಚ್ಚಿ ನೋಡಿ. ಹತ್ತಿಯಿಂದ ಮಾಡಿದ, 300 ಜಿಎಸ್‌ಎಂ ಅನ್ನುವ ದಪ್ಪ ಕಾಗದ ಸಿಕ್ಕರೆ ನಾಲ್ಕೇ ಹಾಳೆ ಒಯ್ಯಿರಿ, ಸಾಕು.

ಹೀಗಾಗಿ ಪಟ್ಟದಕಲ್ಲಿಗೆ ಹೋಗುವಾಗ ಬಣ್ಣದ ಡಬ್ಬಿ ಬಾದಾಮಿಯ ಕೋಣೆಯಲ್ಲೇ ಉಳಿಯಿತು. ಚೀಲದಲ್ಲಿದ್ದದ್ದು ಅದೇ ಪುಸ್ತಕ, ಒಂದು ಮೋಟು ಪೆನ್ಸಿಲ್.

ವಿರೂಪಾಕ್ಷ ಗುಡಿಯನ್ನು ಮೊದಲು ನೋಡಿದೆ. ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ. ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು ಶಾಸನದಲ್ಲಿದೆ. ಕೆಲಸಗಾರನ ಹೆಸರು ಕಲ್ಲಲ್ಲಿ ಉಳಿದಿರುವುದು ನೋಡಿ ಖುಷಿಯಾಯಿತು. ಆದರೆ ಕಾಲು ಅಲ್ಲಿ ನಿಲ್ಲಲಿಲ್ಲ.

ಸಂಗಮೇಶ್ವರ ಅದಕ್ಕಿಂತ ಹಳೆಯದು. 696ರಿಂದ 733ರವರೆಗೆ ಆಳಿದ ವಿಜಯಾದಿತ್ಯ ಕಟ್ಟಿಸಿದ್ದು, ಆಗಿನ ಹೆಸರು ವಿಜಯೇಶ್ವರ. ನೋಡಲು ಸಾದಾ ಗುಡಿ. ನನಗೆ ಈ ಸಾದಾತನವೇ ಇಷ್ಟ. ಬಳೆ, ಸರ, ಬಳ್ಳಿ ಅಂತ ಅಂಗುಲ ಬಿಡದೆ ತುಂಬಿದ ಕುಸುರಿ ನೋಡಿದರೆ ಸ್ವಲ್ಪ ಹೊತ್ತಿಗೆ ಕಣ್ಣು ದಣಿಯುತ್ತದೆ. ಸುಮ್ನೆ ಒಂದು ಸುತ್ತು ಬರೋಣ ಅಂತ ದಕ್ಷಿಣದ ಗೋಡೆಗೆ ತಿರುಗಿದೆ. ಅಲ್ಲಿ ನಿಂತುಬಿಟ್ಟೆ.

ಗೋಡೆಯ ಗೂಡುಗಳಲ್ಲಿ ಶಿವ, ವಿಷ್ಣು ಇದ್ದಾರೆ. ಆದರೆ ಮುಗಿದಿಲ್ಲ. ಒಂದು ಮೂರ್ತಿ ಒಂದು ಹಂತದಲ್ಲಿ ನಿಂತಿದ್ದರೆ ಪಕ್ಕದ್ದು ಇನ್ನೊಂದು ಹಂತದಲ್ಲಿ. ನನ್ನ ಎದುರಿನ ಗೂಡಲ್ಲಿ ಭುಜದ ಅಗಲ ಬಂದಿತ್ತು, ಸೊಂಟದ ಓರೆ ಬಂದಿತ್ತು. ಎದೆಯ ಮೇಲೆ ಒಂದು ಸರದ ಗೆರೆಯೂ ಇಲ್ಲ. ಮುಖದ ಜಾಗದಲ್ಲಿ ಬರೀ ಕಲ್ಲಿನ ಗಟ್ಟಿ. ಮೈಮೇಲೆ ಉಳಿಯ ಗುರುತು. ಕೆಂಪು ಮರಳುಗಲ್ಲಿನ ಮೇಲೆ ಬೆಳಗಿನ ಓರೆ ಬಿಸಿಲು ಬಿದ್ದು ಒಂದೊಂದು ಏಟೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಶಿಲ್ಪಿ ಮೊದಲು ಭಾರ ಎಲ್ಲಿ ನಿಲ್ಲಬೇಕು ಅಂತ ಗೊತ್ತುಮಾಡಿಕೊಂಡಿದ್ದಾನೆ, ಮಿಕ್ಕದ್ದು ಆಮೇಲೆ ಅಂತ ಬಿಟ್ಟಿದ್ದಾನೆ. ಸಾವಿರದ ಇನ್ನೂರಕ್ಕೂ ಜಾಸ್ತಿ ವರ್ಷ ಅದು ಹಾಗೇ ಗೋಡೆಯಲ್ಲಿದೆ. ಯಾರೂ ಅದನ್ನು ಕಿತ್ತು ಬೇರೆ ಕಲ್ಲು ಇಟ್ಟಿಲ್ಲ. 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಇದನ್ನೂ ಒಳಗೊಂಡ ಗುಂಪೇ.

ಎದುರಿನ ಹುಲ್ಲಿನ ಮೇಲೆ ಕೂತು ಬರೆಯತೊಡಗಿದೆ. ಹುಲ್ಲು ಕೀಳುತ್ತಿದ್ದ ಒಬ್ಬ ಅಜ್ಜಿ ಕುಡುಗೋಲು ಹಿಡಿದೇ ಹತ್ತಿರ ಬಂದರು.

“ಯಾಕ ತಂಗಿ, ಇದನ್ನ ಬರಿಯಾಕತ್ತಿ? ಇದು ಪೂರಾ ಆಗಿಲ್ಲ ನೋಡ. ಅಲ್ಲಿ ದೊಡ್ಡ ಗುಡಿಯಾಗ ಚಂದ ಚಂದಾವು ಅದಾವ.”

“ನೋಡಿದೆ ಅಜ್ಜಿ. ನನಗೆ ಇದೇ ಬೇಕು.”

ಅವರು ಪುಸ್ತಕ ನೋಡಿದರು, ಗೋಡೆ ನೋಡಿದರು. “ಮಾರಿ ನೀ ತುಂಬತೀ ಏನ?”

“ಇಲ್ಲ. ಅಲ್ಲಿ ಇಲ್ಲವಲ್ಲ.”

“ತುಂಬಬ್ಯಾಡ. ದಿನಾ ನೋಡತೀನಿ ನಾ. ಒಂದೊಂದ ದಿನ ನಮ್ಮ ಅಪ್ಪನ ಮಾರಿ ಕಂಡಂಗ ಆಕ್ಕೈತಿ. ಒಂದೊಂದ ದಿನ ಯಾರದೂ ಇಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹಾಳೆಗೆ ಬಗ್ಗಿದರು. “ಆದ್ರ ಕಾಲು ಹಿಂಗಿಲ್ಲ ನೋಡ.”

ಕುಡುಗೋಲು ಕೆಳಗಿಟ್ಟರು. ಸೀರೆ ಸರಿ ಮಾಡಿಕೊಂಡು ಒಂದು ಕಾಲಿನ ಮೇಲೆ ಭಾರ ಹಾಕಿ, ಇನ್ನೊಂದನ್ನು ಸಡಿಲ ಬಿಟ್ಟು, ಸೊಂಟ ಓರೆ ಮಾಡಿ ನಿಂತರು. ಗೋಡೆಯಲ್ಲಿದ್ದವನು ನಿಂತಿದ್ದಂತೆಯೇ. “ಹಿಂಗ. ಈ ಮಗ್ಗಲಕ ಭಾರ ಬಿದ್ದೈತಿ, ಆ ಮಗ್ಗಲ ಹೆಗಲ ಮ್ಯಾಲ ಹೋಗೈತಿ.”

ಅವರು ಹೇಳಿದ್ದು ಪೂರ್ತಿ ನಿಜ. ಕಲಾಶಾಲೆಯಲ್ಲಿ ಮೈಕಟ್ಟಿನ ಚಿತ್ರ ಕಲಿಸುವಾಗ ಮೊದಲು ಹೇಳುವ ಮಾತೇ ಅದು. ನಾನು ಮೂರ್ತಿ ಬಿಟ್ಟು ಅವರನ್ನೇ ಬರೆದೆ. ಸಣ್ಣ ಮೈ, ಬಿಸಿಲಿಗೆ ಕಟ್ಟಿಕೊಂಡ ಟವೆಲ್ಲು, ಭಾರ ಹೊತ್ತ ಆ ಒಂದು ಕಾಲು. ಅವರು ಅಲುಗಾಡಲಿಲ್ಲ. ಪೆನ್ಸಿಲ್ ನಿಲ್ಲಲಿಲ್ಲ. ಚೆನ್ನಾಗಿದೆಯೋ ಇಲ್ಲವೋ ಅನ್ನುವ ಪ್ರಶ್ನೆ ಆ ಹೊತ್ತಿನಲ್ಲಿ ಹತ್ತಿರವೂ ಸುಳಿಯಲಿಲ್ಲ. ಎಷ್ಟು ವರ್ಷದ ಮೇಲೆ! ಗಂಟಲು ಕಟ್ಟಿತು. ಹಾಳೆ ತಿರುವಿ ಮೂರ್ತಿಯ ಕಾಲನ್ನು ಮತ್ತೆ ಎಳೆದೆ.

“ಈಗ ನಿಂತ ನೋಡ,” ಅಂದವರೇ ಕುಡುಗೋಲು ಎತ್ತಿಕೊಂಡು ಹೊರಟರು.

ಮರುದಿನ ಐಹೊಳೆ ನೋಡುವುದೆಂದು ಮೊದಲೇ ಗೊತ್ತುಮಾಡಿದ್ದೆ. ಅದನ್ನು ಕೈಬಿಟ್ಟೆ. ಆವರಣದ ಬಾಗಿಲು ತೆರೆಯುವ ಹೊತ್ತಿಗೆ ಮತ್ತೆ ಸಂಗಮೇಶ್ವರದ ಮುಂದೆ ಇದ್ದೆ. ಪಕ್ಕದ ಗೂಡು, ಅದರ ಪಕ್ಕದ್ದು ಅಂತ ಒಂದೊಂದಾಗಿ ಬರೆಯುತ್ತಾ ಹೋದೆ. ಒಂದರಲ್ಲಿ ಬರೀ ಭುಜ, ಇನ್ನೊಂದರಲ್ಲಿ ಬರೀ ನಿಲುವು, ಸಾಕು ಅನ್ನಿಸಿದ ಕಡೆ ಬಿಟ್ಟು ಮುಂದಿನದಕ್ಕೆ. ನೀವು ಹೋಗುವುದಾದರೆ ಚಳಿಗಾಲದಲ್ಲಿ, ಬೆಳಿಗ್ಗೆ ಬೇಗ ಹೋಗಿ. ದಕ್ಷಿಣದ ಗೋಡೆಗೆ ಆಗ ಬಿಸಿಲು ಓರೆಯಾಗಿ ಬೀಳುತ್ತದೆ. ನಡುಹೊತ್ತಿಗೆ ಉಳಿಯ ಗುರುತುಗಳು ಬೆಳಕಲ್ಲಿ ಅಳಿಸಿಹೋದಂತಾಗಿ ಗೋಡೆ ಚಪ್ಪಟೆ ಕಾಣುತ್ತದೆ. ಮೆತ್ತಗಿನ ಪೆನ್ಸಿಲ್ ಎರಡು ಇರಲಿ. ನನ್ನ ಮೋಟು ಎರಡನೇ ದಿನ ಮಧ್ಯಾಹ್ನಕ್ಕೆ ಬೆರಳಿಗೆ ಸಿಗದಷ್ಟು ಸವೆದು, ಟಿಕೆಟ್ ಕೊಡುವವರ ಹತ್ತಿರ ಬಾಲ್‌ಪೆನ್ ಕೇಳಿ ತಂದು ಬರೆದೆ.