ಗಲೀನಾ ಉಸ್ತ್ವೊಲ್ಸ್ಕಾಯಾ ಅವರ ಮರದ ಪೆಟ್ಟಿಗೆ

17 ಜೂನ್ 2024, ಸೋಮವಾರ

ರಷ್ಯಾದ ಸಂಗೀತ ಸಂಯೋಜಕಿ ಗಲೀನಾ ಉಸ್ತ್ವೊಲ್ಸ್ಕಾಯಾ ಹುಟ್ಟಿದ ದಿನ ಇವತ್ತು. 1919ರಲ್ಲಿ ಪೆಟ್ರೊಗ್ರಾಡ್‌ನಲ್ಲಿ ಹುಟ್ಟಿದರು. ಆ ಊರು ಲೆನಿನ್‌ಗ್ರಾಡ್ ಆಗಿ, ಮತ್ತೆ ಸೇಂಟ್ ಪೀಟರ್ಸ್‌ಬರ್ಗ್ ಆಯಿತು. 2006ರಲ್ಲಿ ತೀರಿಕೊಂಡಿದ್ದೂ ಅಲ್ಲೇ.

ಅವರ ಬಗ್ಗೆ ಎಲ್ಲಿ ಓದಿದರೂ ಮೊದಲು ಬರುವ ಮಾತು ‘ಶೊಸ್ತಕೋವಿಚ್ ಶಿಷ್ಯೆ’. ಶೊಸ್ತಕೋವಿಚ್ ಅಂದರೆ ಸೋವಿಯತ್ ಕಾಲದ ಹೆಸರಾಂತ ಸಂಯೋಜಕ. ನನಗೆ ಇದು ಬೇಜಾರು. 1949ರಲ್ಲಿ ಅವರು ಕ್ಲಾರಿನೆಟ್, ವಯೊಲಿನ್, ಪಿಯಾನೋಗೆ ಒಂದು ಟ್ರಯೋ (ಮೂರು ವಾದ್ಯಗಳ ಕೃತಿ) ಬರೆದರು. ಅದರ ಒಂದು ರಾಗಭಾಗವನ್ನು ಶೊಸ್ತಕೋವಿಚ್ 1952ರ ತಮ್ಮ ಐದನೇ ಕ್ವಾರ್ಟೆಟ್‌ನಲ್ಲಿ (ನಾಲ್ಕು ತಂತಿವಾದ್ಯಗಳ ಕೃತಿ) ಬಳಸಿಕೊಂಡರು. ಕ್ವಾರ್ಟೆಟ್ ಮರುವರ್ಷವೇ ವೇದಿಕೆಗೆ ಬಂತು. ಟ್ರಯೋ ಬಂದದ್ದು 1968ರಲ್ಲಿ! ಅಂದರೆ ಶಿಷ್ಯೆಯ ರಾಗ ಜನರ ಕಿವಿಗೆ ಬಿದ್ದದ್ದು ಗುರುವಿನ ಹೆಸರಿನಲ್ಲಿ. ಇಲ್ಲಿ ಯಾರು ಯಾರಿಂದ ಪಡೆದರು?

ಹೊಟ್ಟೆಪಾಡಿಗೆ ಅವರು 1947ರಿಂದ 30 ವರ್ಷ ಲೆನಿನ್‌ಗ್ರಾಡ್‌ನ ರಿಮ್ಸ್ಕಿ-ಕೊರ್ಸಕೋವ್ ಸಂಗೀತ ಶಾಲೆಯಲ್ಲಿ ಪಾಠ ಹೇಳಿದರು. ಸರ್ಕಾರಕ್ಕೆ ಒಪ್ಪುವಂಥದ್ದನ್ನೂ ಬರೆದರು, ಸಿನಿಮಾಗೂ ಬರೆದರು. ಆಮೇಲೆ ಅಂಥವುಗಳಲ್ಲಿ ಹೆಚ್ಚಿನದನ್ನು ತಮ್ಮ ಕೃತಿಗಳ ಪಟ್ಟಿಯಿಂದ ತೆಗೆದೇಬಿಟ್ಟರು. ಉಳಿದದ್ದನ್ನೆಲ್ಲ ಒಂದೇ ದಿನ ಕೂತು ಕೇಳಿ ಮುಗಿಸಬಹುದು.

ಸಂಜೆ ಅವರ ‘ಕಂಪೊಸಿಷನ್’ ಅನ್ನೋ ಹೆಸರಿನ ಕೃತಿಗಳಲ್ಲಿ ಎರಡನೆಯದನ್ನು ಹಾಕಿಕೊಂಡೆ. ಬರೆದದ್ದು 1972-73ರಲ್ಲಿ. ಎಂಟು ಡಬಲ್ ಬಾಸ್ (ವಯೊಲಿನ್‌ನಂಥದ್ದೇ, ಆಳುದ್ದದ ತಗ್ಗು ದನಿಯ ವಾದ್ಯ), ಒಂದು ಪಿಯಾನೋ, ಜೊತೆಗೆ ಒಂದು ಮರದ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಸುತ್ತಿಗೆಯಿಂದ ಬಡಿಯಬೇಕು. ಶವಪೆಟ್ಟಿಗೆಗೆ ಮೊಳೆ ಹೊಡೆದ ಹಾಗೆ ಕೇಳುತ್ತೆ. ಕೃತಿಗೆ ಇಟ್ಟ ಇನ್ನೊಂದು ಹೆಸರು ‘ದೀಯೆಸ್ ಈರೆ’, ಸತ್ತವರಿಗಾಗಿ ಕ್ಯಾಥೊಲಿಕ್ ಚರ್ಚಿನಲ್ಲಿ ಹಾಡುತ್ತಿದ್ದ ಲ್ಯಾಟಿನ್ ಸ್ತೋತ್ರದ ಹೆಸರು. ಹಾಡುವವರು ಯಾರೂ ಇಲ್ಲ, ಹೆಸರು ಮಾತ್ರ ಇದೆ. ದೇವರಿಲ್ಲ ಅಂತ ಶಾಲೆಯಲ್ಲೇ ಕಲಿಸುತ್ತಿದ್ದ ದೇಶದಲ್ಲಿ ಹೀಗೆ ಹೆಸರಿಡುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು, ಅಲ್ವಾ? ಸೋವಿಯತ್ ಒಕ್ಕೂಟವನ್ನು ಬ್ರೆಝ್ನೆವ್ ಆಳುತ್ತಿದ್ದ ಕಾಲ ಅದು. ಇದಾದ ಮೇಲೆ ಬಂದ ಮೂರನೇ ಕಂಪೊಸಿಷನ್‌ಗೂ ಲ್ಯಾಟಿನ್ ಪ್ರಾರ್ಥನೆಯ ಸಾಲನ್ನೇ ಇಟ್ಟರು.

ವಯಸ್ಸಾದರೂ ಮೆತ್ತಗಾಗಲಿಲ್ಲ. 1988ರ ಆರನೇ ಪಿಯಾನೋ ಸೊನಾಟದಲ್ಲಿ (ಪಿಯಾನೋ ಒಂದಕ್ಕೇ ಬರೆದ ಕೃತಿ) ಬೆರಳು ಸಾಲದೆ ಅಂಗೈ, ಮುಷ್ಟಿ ಎಲ್ಲ ಬೇಕು. ನುಡಿಸುವವರ ಕೈ ನೋಯುತ್ತೆ. ಆ ನೋವೂ ಸಂಗೀತದ ಭಾಗವೇ ಅಂತ ನನಗನ್ನಿಸುತ್ತೆ.

ಹೊಸದಾಗಿ ಕೇಳುವವರು ಟ್ರಯೋದಿಂದ ಶುರು ಮಾಡಿ, ಸುಮಾರು ಕಾಲು ಗಂಟೆ ಅಷ್ಟೇ. ಶೊಸ್ತಕೋವಿಚ್ ಕ್ವಾರ್ಟೆಟ್ ಆಮೇಲೆ ಕೇಳಿದರಾಯಿತು.