ನೇರವಾಗಿ ಹೋಗಲಿಲ್ಲ

“ಕಾಲೇಜಿನಿಂದ ನೇರ ಕಾರ್ಪೊರೇಷನ್ನಿಗೆ ಹೇಗೆ ಹೋದಿರಿ ಮಾರಾಯ್ರೇ?” ಮಂಗಳೂರಿನ ಯಾವ ಮದುವೆಯ ಪಂಕ್ತಿಯಲ್ಲಿ ಕುಳಿತರೂ ಈ ಪ್ರಶ್ನೆ ಹೋಳಿಗೆಗಿಂತ ಮೊದಲು ಬರುತ್ತದೆ. ಬಾಯಲ್ಲಿ ಉತ್ತರಿಸಿ ಸಾಕಾಗಿದೆ; ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ನೇರವಾಗಿ ಹೋಗಲಿಲ್ಲ. ನಾನು ವಿದ್ಯಾರ್ಥಿ ನಾಯಕಿ ಎನಿಸಿಕೊಂಡದ್ದು 20ನೆಯ ವಯಸ್ಸಿನಲ್ಲಿ, ರಿಯಾಯಿತಿ ಪಾಸಿನವರನ್ನು ಕಂಡರೆ ನಿಲ್ಲಿಸದೆ ಓಡುತ್ತಿದ್ದ ಸಿಟಿ ಬಸ್ಸೊಂದನ್ನು ಜ್ಯೋತಿ ವೃತ್ತದ ಬಳಿ ಅಡ್ಡಗಟ್ಟಿದ ಕಾರಣಕ್ಕೆ. ಪಾಲಿಕೆಯ ಸದಸ್ಯೆಯಾದದ್ದು 2019ರ ನವೆಂಬರಿನ ಚುನಾವಣೆಯಲ್ಲಿ, 38 ತುಂಬಿದ ಮೇಲೆ. 21 ವರ್ಷವಾದವರು ಸ್ಪರ್ಧಿಸಬಹುದೆಂದು ಕಾನೂನು ಹೇಳುತ್ತದೆ, ಪಕ್ಷ ಹಾಗೆ ಹೇಳುವುದಿಲ್ಲ. ನಡುವಿನ 18 ವರ್ಷ ನಾನು ಮತದಾರರ ಪಟ್ಟಿ ಹಿಡಿದು ಮನೆ ಮನೆ ತಿರುಗಿದೆ, ಮತಗಟ್ಟೆಯ ಏಜೆಂಟಳಾಗಿ ಬೆಳಗಿನಿಂದ ಸಂಜೆಯವರೆಗೆ ಬೆಂಚು ಕಾದೆ, ಸಭೆಗಳಿಗೆ ಕುರ್ಚಿ ತರಿಸಿದೆ. ಆ ಕುರ್ಚಿಗಳಲ್ಲಿ ಬೇರೆಯವರು ಕುಳಿತರು.

“ಮೀಸಲಾತಿಯಲ್ಲಿ ಸಿಕ್ಕಿದ್ದಲ್ಲವೇ?” ಎಂದು ನಿವೃತ್ತ ಉಪನ್ಯಾಸಕರೊಬ್ಬರು ಉರ್ವದ ಮದುವೆಯೊಂದರಲ್ಲಿ ಪಾಯಸ ಹಾಕಿಸಿಕೊಳ್ಳುತ್ತಾ ಕೇಳಿದರು. ಹೌದು, ಹಾಗೆಯೇ ಸಿಕ್ಕಿತು. 60 ವಾರ್ಡುಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲು. ನಮ್ಮ ವಾರ್ಡಿನ ಸರದಿ ಬಂದಾಗ ಪಕ್ಷದವರು ಮೊದಲು ಹೋಗಿ ಕೇಳಿದ್ದು ಸ್ಥಳೀಯ ಮುಖಂಡರೊಬ್ಬರ ಪತ್ನಿಯನ್ನು, ಅವರು ಒಲ್ಲೆನೆಂದ ಮೇಲೆ 18 ವರ್ಷ ಕುರ್ಚಿ ತರಿಸಿದವಳ ಹೆಸರು ನೆನಪಾಯಿತು. ಇಷ್ಟನ್ನೂ ಆ ಹಿರಿಯರಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅಷ್ಟರಲ್ಲಿ ಬಡಿಸುವವನು ಆಚೆಯ ಎಲೆಗೆ ದಾಟಿದ್ದ, ಪಾಯಸ ತಪ್ಪಿತು.

ಮತ ಕೇಳಲು ಹೋದಾಗ ಬಸ್ಸು ತಡೆದ ಕಥೆ ಯಾರಿಗೂ ಬೇಕಿರಲಿಲ್ಲ. ಆ ವರ್ಷದ ಬೇಸಿಗೆಯಲ್ಲಿ ನಗರಕ್ಕೆ ಬರುವ ತುಂಬೆ ಅಣೆಕಟ್ಟಿನ ನೀರನ್ನು ಸರದಿಯ ಮೇಲೆ ಬಿಟ್ಟಿದ್ದರು, ಆಗಸ್ಟಿನಲ್ಲಿ ನಗರದ ಕಸ ಸುರಿಯುವ ಪಚ್ಚನಾಡಿಯ ಕಸದ ಗುಡ್ಡ ಪಕ್ಕದ ಮಂದಾರ ಎಂಬ ಊರಿನ ಮನೆ ತೋಟಗಳ ಮೇಲೆ ಜಾರಿತ್ತು. ಜನ ಕೇಳಿದ್ದು ನೀರು, ಕಸ, ಚರಂಡಿ.

ಬಸ್ಸು ನಿಲ್ಲಿಸಿದವಳಿಗೆ ಚರಂಡಿ ಮಾಡಿಸಲು ಬಂತೇ ಎಂದು ಪಂಕ್ತಿಯಲ್ಲಿ ಒಬ್ಬರಾದರೂ ಕೇಳಬಹುದಿತ್ತು. ಬರಲಿಲ್ಲ. ಬಸ್ಸಿನ ಮುಂದೆ ಕುಳಿತರೆ ಅರ್ಧ ಗಂಟೆಯಲ್ಲಿ ಮಾಲೀಕರ ಕಡೆಯವರು ಬರುತ್ತಿದ್ದರು. ಚರಂಡಿಗೆ ಅಂದಾಜುಪಟ್ಟಿ, ಮಂಜೂರಾತಿ, ಟೆಂಡರ್ ಎಂದು ಒಂದೊಂದೇ ಮೆಟ್ಟಿಲು, ಅವು ಮುಗಿಯುವ ಹೊತ್ತಿಗೆ ಮಳೆಗಾಲ. ಮೊದಲ ಭೇಟಿಯಲ್ಲಿ ನಾನು ಕಾಲೇಜಿನ ಧಾಟಿಯಲ್ಲೇ ದನಿ ಎತ್ತಿದೆ. ಎಂಜಿನಿಯರರು ಮಾತಾಡದೆ ಸರ್ವೆ ನಕ್ಷೆಯನ್ನು ನನ್ನತ್ತ ಸರಿಸಿದರು. ಚರಂಡಿ ಹಾಯಬೇಕಾದ ಜಾಗದಲ್ಲಿ ನನಗೇ ಮತ ಹಾಕಿದ್ದ ಮನೆಯೊಂದರ ಆವರಣ ಗೋಡೆ ನಿಂತಿತ್ತು. ಧಿಕ್ಕಾರ ಕೂಗುವುದಾದರೂ ಯಾರಿಗೆ?

ಆ ಮನೆಗೆ 11 ಸಲ ಹೋದೆ. ಕಾಫಿ ಪ್ರತಿ ಸಲವೂ ಸಿಕ್ಕಿತು, ಗೋಡೆಯ ಮಾತು ಬಂದೊಡನೆ ಮನೆಯ ಯಜಮಾನರಿಗೆ ಕಿವಿ ಮಂದವಾಗುತ್ತಿತ್ತು. ಕೊನೆಗೆ ಮನಸ್ಸು ಮಾಡಿದ್ದು ಅವರ ಸೊಸೆ. ಮಳೆಯ ನೀರು ಅಡುಗೆಮನೆಗೆ ನುಗ್ಗಿದಾಗ ಅದನ್ನು ಬಾಚಿ ಹಾಕುತ್ತಿದ್ದವಳು ಅವಳೇ. ಗೋಡೆ 3 ಅಡಿ ಹಿಂದೆ ಸರಿಯಿತು, ಚರಂಡಿಯೂ ಆಯಿತು. ಒಂದು ಚಪ್ಪಡಿ ಮಾತ್ರ ಸರಿಯಾಗಿ ಕೂರಲಿಲ್ಲ. ನಮ್ಮ ಅವಧಿ 2025ರಲ್ಲೇ ಮುಗಿದಿದೆ. ಆದರೂ ಆ ಚಪ್ಪಡಿಯ ಮೇಲೆ ಸ್ಕೂಟರ್ ಹಾದು ಸದ್ದಾದಾಗಲೆಲ್ಲ ಯಜಮಾನರು ನನಗೇ ಫೋನ್ ಮಾಡುತ್ತಾರೆ.