‘ಎಮ್ಡನ್’ ಅನ್ನು ಹೊಡೆದ ಹಡಗನ್ನು ಹುಡುಕಿಕೊಂಡು ಸಿಡ್ನಿಯಲ್ಲಿ ಎರಡು ದಿನ

ಅಪ್ಪ ಮೈಸೂರಿನಿಂದ ಬಂದು ಎರಡು ವಾರವಾಗಿತ್ತು. ಒಪೆರಾ ಹೌಸ್, ಬೊಂಡೈ, ಬ್ಲೂ ಮೌಂಟನ್ಸ್ ಎಲ್ಲ ಮುಗಿದಿತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ, “ಎಮ್ಡನ್ನನ್ನು ಹೊಡೆದದ್ದು ನಿಮ್ಮ ಈ ಊರಿನ ಹೆಸರಿನ ಹಡಗೇ ಅಲ್ವೇನೆ? ಅದು ಇಲ್ಲೆಲ್ಲಾದರೂ ಇದೆಯಾ?” ಅಂತ ಕೇಳಿದರು. ಬ್ಯಾಂಕ್ ಕೆಲಸದ ಮೇಲೆ ಆರು ವರ್ಷ ಮದ್ರಾಸಿನಲ್ಲಿದ್ದವರು ಅವರು. 1914ರ ಸೆಪ್ಟೆಂಬರ್ 22ರ ರಾತ್ರಿ ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಎಮ್ಡನ್ ಯುದ್ಧಹಡಗು ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹೊಡೆದು ಬೆಂಕಿ ಹಚ್ಚಿತ್ತು. ಅದರ ನೆನಪಿನ ಫಲಕ ಅಲ್ಲಿನ ಹೈಕೋರ್ಟ್ ಕಾಂಪೌಂಡಿನ ಗೋಡೆಯಲ್ಲಿದೆ. ಮಹಾ ಕಿಲಾಡಿ ಮನುಷ್ಯನಿಗೆ ತಮಿಳರು ಇವತ್ತಿಗೂ ‘ಎಮ್ಡನ್’ ಅನ್ನುತ್ತಾರೆ. ಅಪ್ಪನಿಗೆ ಆ ಮಾತು ಅಲ್ಲಿಂದಲೇ ಅಂಟಿಕೊಂಡಿತ್ತು.

ಎಮ್ಡನ್ನನ್ನು ಹೊಡೆದ ಆ ‘ಸಿಡ್ನಿ’ ಹಡಗು ಎಲ್ಲೂ ಇಡಿಯಾಗಿ ಇಲ್ಲ. ಅದೂ ಸೇರಿ, 1913ರ ಅಕ್ಟೋಬರ್ 4ರಂದು ಸಿಡ್ನಿ ಬಂದರಿಗೆ ಸಾಲಾಗಿ ಬಂದ ಆಸ್ಟ್ರೇಲಿಯಾದ ಮೊದಲ ನೌಕಾಪಡೆಯ ಏಳು ಹಡಗುಗಳಲ್ಲಿ ಒಂದೂ ಇಡಿಯಾಗಿ ಉಳಿದಿಲ್ಲ. ಇರುವುದು ತುಂಡುಗಳು, ಅವೂ ಊರಿನ ಮೂಲೆಮೂಲೆಯಲ್ಲಿ. ಆದರೂ ಹೋಗಿ ಅಂತಲೇ ನಾನು ಹೇಳುವುದು. ಸರಿಯಾದ ಕ್ರಮದಲ್ಲಿ ನೋಡಿದರೆ ಆ ತುಂಡುಗಳಿಂದಲೇ ಇಡೀ ಕಥೆ ಕೂಡಿಕೊಳ್ಳುತ್ತದೆ.

ಹೊರಡುವ ಮುಂಚೆ ಎರಡು ವಿಷಯ ತಿಳಿದಿರಲಿ. ಡಾರ್ಲಿಂಗ್ ಹಾರ್ಬರ್‌ನ ಸಾಗರ ವಸ್ತುಸಂಗ್ರಹಾಲಯದಲ್ಲಿ ‘ವ್ಯಾಂಪೈರ್’ ಡಿಸ್ಟ್ರಾಯರ್ (ವೇಗದ ಯುದ್ಧಹಡಗು) ಮತ್ತು ‘ಆನ್ಸ್ಲೋ’ ಜಲಾಂತರ್ಗಾಮಿ ನಿಂತಿವೆ. ಹತ್ತಿ ಇಳಿದು ನೋಡಬಹುದು, ಚೆನ್ನಾಗಿವೆ. ಆದರೆ ಅವು ಎರಡನೆಯ ಮಹಾಯುದ್ಧ ಮುಗಿದ ಮೇಲಿನವು, ನಾವು ಹುಡುಕುತ್ತಿರುವ ಕಾಲದವಲ್ಲ. ಎರಡನೆಯದು, ‘ಎಚ್‌ಎಂಎಎಸ್ ಸಿಡ್ನಿ’ (ಆಸ್ಟ್ರೇಲಿಯಾ ನೌಕಾಪಡೆಯ ಹಡಗುಗಳ ಹೆಸರಿನ ಮುಂದೆ ಬರುವ ಅಕ್ಷರಗಳು ಎಚ್‌ಎಂಎಎಸ್) ಅಂತ ಹುಡುಕಿದರೆ 1941ರಲ್ಲಿ 645 ಜನರ ಸಮೇತ ಮುಳುಗಿದ ಎರಡನೆಯ ಸಿಡ್ನಿಯ ಮಾಹಿತಿಯೂ ಇದರೊಂದಿಗೆ ಕಲಸಿಕೊಂಡು ಬರುತ್ತದೆ. ನಮಗೆ ಬೇಕಾದದ್ದು 1912ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನೀರಿಗಿಳಿದ ಮೊದಲ ಸಿಡ್ನಿ.

ಮೊದಲ ದಿನ ಹೈಡ್ ಪಾರ್ಕ್‌ನಿಂದ ಶುರುಮಾಡಿ. ಮ್ಯೂಸಿಯಂ ಸ್ಟೇಷನ್ನಿನಲ್ಲಿ ಇಳಿದು ಪಾರ್ಕಿನ ಆಗ್ನೇಯ ಮೂಲೆಗೆ, ಆಕ್ಸ್‌ಫರ್ಡ್ ಸ್ಟ್ರೀಟ್ ಮತ್ತು ಕಾಲೇಜ್ ಸ್ಟ್ರೀಟ್ ಸೇರುವ ಕಡೆಗೆ ನಡೆದರೆ ಎಮ್ಡನ್‌ನದೇ ಒಂದು ತೋಪು ಕಾಣುತ್ತದೆ. 10.5 ಸೆಂಟಿಮೀಟರ್ ಬಾಯಿಯ ತೋಪು, 1917ರ ಡಿಸೆಂಬರ್‌ನಿಂದ ಅಲ್ಲೇ ಇದೆ. ಬಸ್ಸಿಗೆ ಓಡುವ ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ, ತಲೆಯೆತ್ತಿ ನೋಡುವವರು ಕಡಿಮೆ. ಅಪ್ಪ ಮಾತ್ರ ಅದರ ಸುತ್ತ ಎರಡು ಸಲ ಬಂದರು. “ಎಮ್ಡನ್‌ನಲ್ಲಿ ಇಂಥವು ಹತ್ತಿದ್ದವಂತೆ. ಮದ್ರಾಸಿಗೆ ಹೊಡೆದದ್ದು ಇದೂ ಇರಬಹುದು ಕಣೆ,” ಅಂದರು. ಇರಬಹುದು. ಹತ್ತಿರದಲ್ಲೇ ಆಂಜಾಕ್ (ಮೊದಲ ಮಹಾಯುದ್ಧದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇನೆ) ಸ್ಮಾರಕವಿದೆ, ಪ್ರವೇಶ ಉಚಿತ.

ಅಲ್ಲಿಂದ ಸರ್ಕ್ಯುಲರ್ ಕೀಗೆ ಬಂದು ಟರೋಂಗಾ ಮೃಗಾಲಯದ ಫೆರಿ ಹಿಡಿಯಿರಿ. ಹನ್ನೆರಡು ನಿಮಿಷದ ದಾರಿ. ಇಳಿದ ಮೇಲೆ ಮೃಗಾಲಯದ ಕಡೆ ಹೋಗದೆ ಬಲಕ್ಕೆ, ನೀರಿನ ಅಂಚಿನ ಕಾಲುದಾರಿಯಲ್ಲಿ ಬ್ರಾಡ್ಲೀಸ್ ಹೆಡ್ ತುದಿಗೆ ನಡೆಯಬೇಕು. ಗಿಡಮರಗಳ ನೆರಳಿದೆ, ಅಲ್ಲಲ್ಲಿ ಮೆಟ್ಟಿಲುಗಳಿವೆ. ಎಪ್ಪತ್ತೆರಡು ವರ್ಷದ ಅಪ್ಪನ ಜೊತೆ ಕೂತು ಎದ್ದು ನಡೆದದ್ದಕ್ಕೆ ಮುಕ್ಕಾಲು ಗಂಟೆ ಆಯಿತು. ಮಂಡಿನೋವಿದ್ದವರನ್ನು ಕಾರಿನಲ್ಲಿ ಕರೆದೊಯ್ಯಿರಿ, ತುದಿಯ ಹತ್ತಿರವೇ ಪಾರ್ಕಿಂಗ್ ಇದೆ, ಶುಲ್ಕ ಕಟ್ಟಬೇಕು. ನೀರು, ತಿಂಡಿ ಕೈಯಲ್ಲೇ ಇರಲಿ.

ತುದಿಯಲ್ಲಿ ನಿಂತಿರುವುದು ಸಿಡ್ನಿ ಹಡಗಿನ ಮೂರುಕಾಲಿನ ಉಕ್ಕಿನ ಕೂವೆಕಂಬ. ಬುಡದಲ್ಲಿ ನಿಂತು ಕತ್ತೆತ್ತಿ ನೋಡಿ. ಬಂದರಿನ ಗಾಳಿಯಲ್ಲಿ, ಹಿಂದೆ ಇಡೀ ನಗರವನ್ನಿಟ್ಟುಕೊಂಡು, ಹಡಗೇ ನೆಲದೊಳಗೆ ಹೂತುಹೋಗಿ ಕಂಬ ಮಾತ್ರ ಮೇಲುಳಿದ ಹಾಗೆ ಕಾಣುತ್ತದೆ. ಅಲ್ಲೇ ಬೆಂಚಿನ ಮೇಲೆ ಕೂತು ನಾನು ಓದಿಕೊಂಡಿದ್ದನ್ನು ಅಪ್ಪನಿಗೆ ಹೇಳಿದೆ. 1914ರ ನವೆಂಬರ್ 1ರಂದು ಪಶ್ಚಿಮ ಆಸ್ಟ್ರೇಲಿಯಾದ ಆಲ್ಬನಿಯಿಂದ ಆಂಜಾಕ್ ಸೈನಿಕರನ್ನು ಹೊತ್ತ ಹಡಗುಗಳ ಸಾಲು ಹೊರಟಿತು, ಕಾವಲಿಗೆ ಸಿಡ್ನಿಯೂ ಇತ್ತು. ನವೆಂಬರ್ 9ರ ಬೆಳಿಗ್ಗೆ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪದ ತಂತಿ ಕಚೇರಿಯಿಂದ ಅಪರಿಚಿತ ಹಡಗೊಂದು ಬಂದಿದೆ ಎಂಬ ಸಂದೇಶ ಬಂತು. ಸಿಡ್ನಿ ಸಾಲು ಬಿಟ್ಟು ಅತ್ತ ಧಾವಿಸಿತು. ಎಮ್ಡನ್‌ನ ಹಡಗೇ ಅದು. ಅದರ ಗುರಿ ಬಹಳ ಚುರುಕು, ಮೊದಲ ಏಟುಗಳು ಅದರವೇ. ಆದರೆ ಸಿಡ್ನಿಯ 6 ಇಂಚಿನ ತೋಪುಗಳು ದೊಡ್ಡವು, ವೇಗವೂ ಅದಕ್ಕೇ ಹೆಚ್ಚು. ಸಿಡ್ನಿಯ ಕ್ಯಾಪ್ಟನ್ ಗ್ಲಾಸಪ್ ದೂರ ಕಾಯ್ದುಕೊಂಡು ಹೊಡೆಯುತ್ತಾ ಹೋದರು. ಕೊನೆಗೆ ಎಮ್ಡನ್‌ನ ಕ್ಯಾಪ್ಟನ್ ಫಾನ್ ಮ್ಯುಲರ್ ತಮ್ಮ ಹಡಗನ್ನು ನಾರ್ತ್ ಕೀಲಿಂಗ್ ದ್ವೀಪದ ಹವಳದ ದಂಡೆಗೆ ಹತ್ತಿಸಿದರು. ಸಿಡ್ನಿಯಲ್ಲಿ ನಾಲ್ವರು ಸತ್ತರು, ಎಮ್ಡನ್‌ನಲ್ಲಿ 134 ಜನ. ಆ ಸಂಖ್ಯೆ ಕೇಳಿ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಮದ್ರಾಸಿನಲ್ಲಿ ಎಮ್ಡನ್ ಅಂದರೆ ಸಾಹಸದ ಮಾತು. ಅದರಲ್ಲಿದ್ದ ಹುಡುಗರ ಲೆಕ್ಕ ಯಾರೂ ಹೇಳಿರಲಿಲ್ಲ.

ಒಂದು ಸೂಕ್ಷ್ಮ ಗಮನದಲ್ಲಿರಲಿ. ಈ ಮೂರುಕಾಲಿನ ಕಂಬವನ್ನು ಹಡಗಿಗೆ ಕೂಡಿಸಿದ್ದು 1917ರಲ್ಲಿ, ಇಂಗ್ಲೆಂಡಿನಲ್ಲಿ ದುರಸ್ತಿಗೆ ನಿಂತಿದ್ದಾಗ. ಹಾಗಾಗಿ ಎಮ್ಡನ್ ಕಾಳಗವನ್ನು ಈ ಕಂಬ ಕಂಡಿಲ್ಲ. ಅದರಿಂದ ಜಾಗದ ತೂಕವೇನೂ ಕಡಿಮೆಯಾಗುವುದಿಲ್ಲ. 1934ರಿಂದ ಇಲ್ಲಿರುವ ಇದು ಈಗ ಆಸ್ಟ್ರೇಲಿಯಾದ ನೌಕಾಪಡೆ ಕಳೆದುಕೊಂಡ ಎಲ್ಲ ಹಡಗುಗಳ, ಎಲ್ಲ ನಾವಿಕರ ಸ್ಮಾರಕ. ಬಂದರಿಗೆ ಬರುವ ನೌಕಾಪಡೆಯ ಹಡಗುಗಳು ಇದಕ್ಕೆ ಗೌರವ ಸಲ್ಲಿಸಿಯೇ ಮುಂದಕ್ಕೆ ಹೋಗುತ್ತವೆ. ಕೆಳಗೆ ನೀರಿನ ಅಂಚಿನಲ್ಲಿರುವ ಒಂಟಿ ಕಲ್ಲುಕಂಬವನ್ನೂ ನೋಡಿ. ಹಳೆಯ ಅಂಚೆ ಕಚೇರಿ ಕಟ್ಟಡದ ಕಂಬವದು. ಅಲ್ಲಿಂದ ಫೋರ್ಟ್ ಡೆನಿಸನ್ ಗೋಪುರಕ್ಕೆ ಸರಿಯಾಗಿ ಒಂದು ನಾಟಿಕಲ್ ಮೈಲಿ, ಹಡಗುಗಳ ವೇಗ ಅಳೆಯಲು ಅದನ್ನೇ ಗುರುತಾಗಿ ಬಳಸುತ್ತಿದ್ದರು.

ವಾಪಸ್ ಫೆರಿ ಹಿಡಿದು ಬಂದು, ವೈನ್ಯಾರ್ಡ್‌ನಿಂದ ರೈಲಿನಲ್ಲಿ ಮಿಲ್ಸನ್ಸ್ ಪಾಯಿಂಟ್‌ಗೆ ಹೋಗಿ. ಸಂಜೆ ತಂಪಿದ್ದರೆ ಹಾರ್ಬರ್ ಬ್ರಿಜ್ ಮೇಲೆ ನಡೆದೇ ಹೋಗಬಹುದು, ಎರಡೂ ಕಡೆ ಲಿಫ್ಟ್ ಇದೆ. ಸೇತುವೆಯ ಉತ್ತರದ ಕಲ್ಲುಗೋಪುರದ ಕೆಳಗೆ, ನೀರಿನ ಪಕ್ಕದ ಗೋಡೆಯಲ್ಲಿ ಸಿಡ್ನಿ ಹಡಗಿನ ಮೂತಿಯ ಒಂದು ತುಂಡನ್ನು ಕೂರಿಸಿದ್ದಾರೆ. ಫೋಟೋ ತೆಗೆಯುವ ಜನ ಒಪೆರಾ ಹೌಸ್ ಕಡೆಗೇ ಮುಖ ಮಾಡಿರುತ್ತಾರೆ, ಹುಡುಕದಿದ್ದರೆ ಕಣ್ಣಿಗೆ ಬೀಳುವುದಿಲ್ಲ.

ಎರಡನೆಯ ದಿನ ಕಾಕಟೂ ದ್ವೀಪ. ಸರ್ಕ್ಯುಲರ್ ಕೀಯಿಂದಲೇ ಫೆರಿ, ದ್ವೀಪಕ್ಕೆ ಪ್ರವೇಶ ಶುಲ್ಕವಿಲ್ಲ. ಗ್ಲಾಸ್ಗೋದಲ್ಲಿ ಕಟ್ಟಿ, ಬಿಚ್ಚಿ, ಭಾಗಭಾಗವಾಗಿ ತಂದ, ಆ ಏಳು ಹಡಗುಗಳಲ್ಲಿ ಒಂದಾದ ‘ವಾರೆಗೊ’ ಡಿಸ್ಟ್ರಾಯರನ್ನು ಇಲ್ಲಿ ಮತ್ತೆ ಜೋಡಿಸಿದರು, ಇಲ್ಲಿನ ಕೆಲಸಗಾರರು ಕಸುಬು ಕಲಿಯಲಿ ಅಂತ. ಆಮೇಲೆ ಅದೇ ಕೈಗಳು ‘ಬ್ರಿಸ್ಬೇನ್’ ಕ್ರೂಸರ್ ಕಟ್ಟಿದವು. 1929ರಲ್ಲಿ ಸಿಡ್ನಿಯನ್ನು ಒಡೆದು ಗುಜರಿಗೆ ಹಾಕಿದ್ದೂ ಇದೇ ದ್ವೀಪದಲ್ಲಿ. ಡ್ರೈ ಡಾಕ್ (ನೀರು ಬರಿದುಮಾಡಿ ಹಡಗು ದುರಸ್ತಿ ಮಾಡುವ ಹೊಂಡ) ಅಂಚಿನಲ್ಲಿ ನಿಂತು ಆ ಆಳ ನೋಡಿದರೆ ಒಂದು ಹಡಗಿನ ಗಾತ್ರ ಎಷ್ಟು ಅಂತ ಅಂದಾಜಾಗುತ್ತದೆ. ಅಲ್ಲಿ ನೆರಳು ಕಡಿಮೆ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಟೋಪಿಯಿಲ್ಲದೆ ಹೋಗಬೇಡಿ.

ಮಧ್ಯಾಹ್ನ ಪರಮಟ್ಟ ಅನ್ನುವ ಊರು. ಆಸ್ಟ್ರೇಲಿಯಾದ ನೌಕಾಪಡೆಗಾಗಿ ಮೊದಲು ನೀರಿಗಿಳಿದ ಹಡಗು ಇದೇ ಹೆಸರಿನ ‘ಪರಮಟ್ಟ’, 1910ರ ಫೆಬ್ರವರಿಯಲ್ಲಿ, ಸ್ಕಾಟ್ಲೆಂಡಿನಲ್ಲಿ. ಅದೂ ಆ ಏಳರಲ್ಲಿ ಒಂದು. ಕೊನೆಗೆ ಹಾಕ್ಸ್‌ಬರಿ ನದಿಯ ದಡದಲ್ಲಿ ದಶಕಗಟ್ಟಲೆ ತುಕ್ಕು ಹಿಡಿದು ಬಿದ್ದಿತ್ತು. 1973ರಲ್ಲಿ ಅದರ ಮುಂದಿನ ಮತ್ತು ಹಿಂದಿನ ತುಂಡುಗಳನ್ನು ಎತ್ತಿದರು. ಹಿಂಭಾಗ ಕ್ವೀನ್ಸ್ ವಾರ್ಫ್ ಉದ್ಯಾನದಲ್ಲಿ, ನದಿಯ ಪಕ್ಕದಲ್ಲೇ ಇದೆ. ಇಂಥ ಸಣ್ಣ ಹಡಗಿನಲ್ಲಿ ಸ್ಕಾಟ್ಲೆಂಡಿನಿಂದ ಇಲ್ಲಿಯವರೆಗೆ ಬಂದರಾ ಅಂತ ಅಪ್ಪ ಮತ್ತೆ ಮತ್ತೆ ಕೇಳಿದರು.

ಪರಮಟ್ಟಕ್ಕೆ ಫೆರಿಯಲ್ಲೇ ಹೋಗುವ ಆಸೆಯಿದ್ದರೆ ಹಿಂದಿನ ದಿನವೇ ಉಬ್ಬರ ಇಳಿತದ ಸಮಯ ನೋಡಿಕೊಳ್ಳಿ. ನೀರು ಇಳಿದಾಗ ಫೆರಿ ಕೊನೆಯವರೆಗೆ ಹೋಗುವುದಿಲ್ಲ, ರೈಡಲ್ಮಿಯರ್‌ನಲ್ಲಿ ಇಳಿಸಿ ಬಸ್ಸಿಗೆ ಹತ್ತಿಸುತ್ತಾರೆ. ನಮಗೆ ಹಾಗೇ ಆಯಿತು. ಶುಕ್ರವಾರದಿಂದ ಭಾನುವಾರದೊಳಗೆ ಹೋದರೆ ಓಪಲ್ ಕಾರ್ಡಿನ (ರೈಲು, ಬಸ್ಸು, ಫೆರಿಗೆಲ್ಲ ಬಳಸುವ ಪ್ರಯಾಣದ ಕಾರ್ಡು) ದಿನದ ಗರಿಷ್ಠ ದರ ಕಡಿಮೆ, ಎರಡು ದಿನದ ಓಡಾಟ ಅಗ್ಗವಾಗುತ್ತದೆ. ರಾತ್ರಿ ಊಟಕ್ಕೆ ಒಂದೇ ಸ್ಟೇಷನ್ ದೂರದ ಹ್ಯಾರಿಸ್ ಪಾರ್ಕ್‌ಗೆ ಬನ್ನಿ, ದೋಸೆ ಸಿಗುತ್ತದೆ. ವಾರಾಂತ್ಯದಲ್ಲಾದರೆ ಏಳು ಗಂಟೆಯೊಳಗೆ ಹೋಗಿ, ಆಮೇಲೆ ಕೂರಲು ಜಾಗ ಸಿಗುವುದು ಕಷ್ಟ.